ಅಪ್ಪ ಫೋನಿನಲ್ಲಿ ಕೊಟ್ಟ ಒಪ್ಪಿಗೆ

ಮೊದಲು ನನ್ನ ತಪ್ಪನ್ನೇ ಹೇಳಿ ಮುಗಿಸುತ್ತೇನೆ. ಆಮೇಲೆ ಉಳಿದವರ ತಪ್ಪು ಹುಡುಕಲು ಧೈರ್ಯ ಬರುತ್ತದೆ. ನನ್ನ ಕುತ್ತಿಗೆ ಕೊಯ್ಯಲು ಡಾಕ್ಟರಿಗೆ ಒಪ್ಪಿಗೆ ಕೊಟ್ಟವರು ನಮ್ಮಪ್ಪ. ಫೋನಿನಲ್ಲಿ ಕೊಟ್ಟರು. ಆಗ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಫೋನು ಮಾಡಿದವನು ನಾನು, ಆಸ್ಪತ್ರೆಯ ಎದುರಿನ ಇರಾನಿ ಹೋಟೆಲಿನಿಂದ, ಬನ್ ಮಸ್ಕಾ ತಿಂದು ಬಾಯಿ ಒರೆಸಿಕೊಂಡು.

ಇವನಿಗೆ ತಲೆ ಸರಿ ಇಲ್ಲ ಎಂದುಕೊಳ್ಳಬೇಡಿ. ನಾನು ಮಿಮಿಕ್ರಿ ಮಾಡುವವನು. ಎರಡಕ್ಕೂ ಭಾಳ ಫರಕಿಲ್ಲ ಎನ್ನುವುದು ಅವ್ವನ ಅಭಿಪ್ರಾಯ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿಜಾಪುರದಿಂದ ಪುಣೆಗೆ ಬಂದು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ಗುಮಾಸ್ತನಾಗಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ರಿಸೀವರ್. ಬಾರಾಮತಿಯ ಸಕ್ಕರೆ ಕಾರ್ಖಾನೆಯವರು ಲಾರಿ ಕೇಳಿದರೆ ಅವರದೇ ರಾಗದ ಮರಾಠಿಯಲ್ಲಿ ಉತ್ತರ, ಗುಜರಾತಿ ವ್ಯಾಪಾರಿ ಸಿಕ್ಕರೆ ಮೂಗಿನಿಂದ ಉತ್ತರ. ಮಾಲೀಕರ ಧ್ವನಿಯಲ್ಲಿ ಮಾಲೀಕರ ಮನೆಗೇ ಫೋನು ಮಾಡಿ 'ಇವತ್ತು ಬದನೆಕಾಯಿ ಮಾಡು' ಎಂದು ಅವರಿಗೆ ನಾಲ್ಕು ದಿನ ಬದನೆಕಾಯಿ ತಿನ್ನಿಸಿದ್ದೇನೆ. ಗಣಪತಿ ಹಬ್ಬ ಬಂದರೆ ಕನ್ನಡ ಮಂದಿ ಪೆಂಡಾಲಿಗೆ ಕರೆದು ಮೈಕು ಕೈಗೆ ಕೊಡುತ್ತಿದ್ದರು. ಅಲ್ಲಿ ನನ್ನ ಮೊದಲ ಐಟಮ್ಮೇ ನಮ್ಮಪ್ಪ. ಅಪ್ಪ ಬಿಜಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಮಾತನ್ನೂ ಒಂದೇ ಸಲ ಹೇಳಿದವರಲ್ಲ. ಬಸ್ಸಿಗೆ ಕೂಗಿದಂತೆಯೇ ಮನೆಯಲ್ಲೂ: 'ಊಟಕ್ಕ ಹಾಕು, ಊಟಕ್ಕ ಹಾಕು.' ಅವರು ಸತ್ತ ಮೇಲೆ ಆ ಐಟಮ್ಮನ್ನು ಬಿಟ್ಟುಬಿಟ್ಟಿದ್ದೆ. ಯಾರು ಎಷ್ಟು ಕೇಳಿದರೂ ಆ ಧ್ವನಿ ತೆಗೆದಿರಲಿಲ್ಲ.

ಗಂಟನ್ನು ಮೊದಲು ಕಂಡವನು ಕಟಿಂಗ್ ಅಂಗಡಿಯವನು. ದಾಡಿ ಮಾಡುತ್ತ ಮಾಡುತ್ತ ಗಂಟಲಿನ ಹತ್ತಿರ ಕತ್ತಿ ನಿಲ್ಲಿಸಿದ. ಬೆರಳಿನಿಂದ ಒತ್ತಿ ನೋಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅಷ್ಟು ಮಾತಿನ ಮನುಷ್ಯ ಸುಮ್ಮನಾದದ್ದೇ ನನಗೆ ಸಾಕಾಯಿತು. ರೂಮಿಗೆ ಬಂದು ನುಂಗಿ ನೋಡಿದೆ. ಗಂಟು ಮೇಲೆ ಹೋಗಿ ಕೆಳಗೆ ಬಂತು. ಒಂದು ಗಂಟೆ ಬರೀ ನುಂಗುತ್ತಲೇ ಕುಳಿತಿದ್ದೆ.

ಅದೊಂದು ಖಾಸಗಿ ನರ್ಸಿಂಗ್ ಹೋಮ್. ಕಾಯುವ ಕೋಣೆಯಲ್ಲಿ ಗೋಡೆಗುಂಟ ಉದ್ದನೆಯ ಬೆಂಚು. ಒಬ್ಬೊಬ್ಬ ರೋಗಿಗೆ ಮೂವರು ಜೊತೆಗಾರರು: ಒಬ್ಬರ ತೊಡೆಯ ಮೇಲೆ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಥರ್ಮಾಸ್, ಮೂರನೆಯವರಿಗೆ ಅಳುವ ಕೆಲಸ. ನನ್ನ ಸರದಿ ಬಂದಾಗಲೆಲ್ಲ ನರ್ಸು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: 'ಸೋಬತ್ ಕೋಣ್?' ಜೊತೆಗೆ ಯಾರಿದ್ದಾರೆ? ರಕ್ತ ತೆಗೆಯುವಲ್ಲಿ ಅದೇ, ಎಕ್ಸರೇ ತೆಗೆಯುವಲ್ಲಿ ಅದೇ. ನಾಲ್ಕನೇ ಸಲ ನಾನು ಪಕ್ಕದಲ್ಲಿದ್ದ ಛತ್ರಿಯನ್ನು ತೋರಿಸಿದೆ. ನರ್ಸು ನಗಲಿಲ್ಲ. ಬೆಂಚಿನ ಮೇಲೆ ನಾನು ಛತ್ರಿಯನ್ನು ಮಡಿಲಿಗೆ ಎಳೆದುಕೊಂಡು ಕುಳಿತೆ. ಅಂಥ ಬೆಂಚಿನ ಮೇಲೆ ಒಬ್ಬರೇ ಕುಳಿತವರು ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಅಲ್ಲಿ ಕೈ ಎಲ್ಲಿಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಅವ್ವನಿಗೆ ನಾನು ಏನೂ ತಿಳಿಸಿರಲಿಲ್ಲ. ಅಪ್ಪನ ದುಃಖದಿಂದ ಅವಳು ಆಗ ತಾನೇ ಒಂದಿಷ್ಟು ಹೊರಗೆ ಬಂದಿದ್ದಳು. ಊರಲ್ಲಿದ್ದ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಹೇಳಿದರೆ ಸಂಜೆಯೊಳಗೆ ಅವ್ವನಿಗೆ ಹೇಳಿದಂತೆ. ಹಾಗಾಗಿ ಫಾರಂ ತುಂಬುವಾಗ ನರ್ಸು ತಂದೆಯ ಹೆಸರು, ಊರು ಕೇಳಿದಳು, ಹೇಳಿದೆ. ಇದ್ದಾರೋ ಇಲ್ಲವೋ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುಣೆಯಲ್ಲಿ ಅಪ್ಪನನ್ನು ಕಂಡವರೇ ಇರಲಿಲ್ಲವಾದ್ದರಿಂದ ಅವರು ಇಲ್ಲಿ ಸತ್ತೂ ಇರಲಿಲ್ಲ.

ಡಾಕ್ಟರು ಐವತ್ತರ ಮೇಲಿನವರು, ಮೆತ್ತಗಿನ ಮಾತಿನವರು. ನನ್ನ ಕುತ್ತಿಗೆ ಹಿಡಿದು, ನುಂಗಿಸಿ, ಮತ್ತೆ ನುಂಗಿಸಿ, 'ಆಪರೇಷನ್ ಮಾಡಬೇಕು. ಮನೆಯ ಹಿರಿಯರನ್ನು ಕರೆದುಕೊಂಡು ಬಾ' ಎಂದರು. ನನಗೆ ಇಪ್ಪತ್ಮೂರು ವರ್ಷ, ನಾನೇ ಹಿರಿಯ ಎಂದೆ. 'ಹಿರಿಯರ ಮಾತಿಲ್ಲದೆ ನಾನು ಚಾಕು ಮುಟ್ಟುವುದಿಲ್ಲ. ತಂದೆಗೆ ಬರಲು ಆಗದಿದ್ದರೆ ಫೋನಿನಲ್ಲಾದರೂ ಮಾತಾಡಿಸು' ಎಂದರು. ಕಾನೂನಿನ ಪ್ರಕಾರ ನನ್ನ ಸಹಿಯೊಂದೇ ಸಾಕಿತ್ತಂತೆ, ಅದು ಆಮೇಲೆ ತಿಳಿದದ್ದು. ಆದರೆ ಅವರ ಪದ್ಧತಿ ಅದು: ಚಿಕ್ಕವರಿಗೆ ಮಾತ್ರೆ, ದೊಡ್ಡವರಿಗೆ ವಿಷಯ.

ನಾನು ರಸ್ತೆ ದಾಟಿದೆ. ಇರಾನಿಯ ಹೋಟೆಲಿನಲ್ಲಿ ಹಣ ಕಟ್ಟುವ ಗಲ್ಲೆಯ ಮೇಲಿದ್ದ ಫೋನಿನಿಂದ ನರ್ಸಿಂಗ್ ಹೋಮಿಗೆ ಹಚ್ಚಿದೆ. ಮೊದಲು ಟ್ರಂಕ್ ಕಾಲ್ ಆಪರೇಟರ್ ಹೆಂಗಸಿನ ಧ್ವನಿ ತೆಗೆದೆ: 'ವಿಜಾಪೂರ್ ಸೇ ಕಾಲ್ ಹೈ, ಬಾತ್ ಕೀಜಿಯೇ.' ಬಿಜಾಪುರದಿಂದ ಕಾಲ್, ಮಾತಾಡಿ. ಎರಡು ಸಲ ರಿಸೀವರ್ ಉಜ್ಜಿ ಗರಗರ ಶಬ್ದ. ಆಮೇಲೆ ಅಪ್ಪ.

'ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ.'

ಎರಡು ವರ್ಷದ ನಂತರ ಆ ಧ್ವನಿ ನನ್ನ ಗಂಟಲಿಂದ ಬಂತು. ಡಾಕ್ಟರು ಮರಾಠಿಯಲ್ಲಿ ಮಾತಾಡಿದರು, ಅಪ್ಪ ತಮ್ಮ ಬಿಜಾಪುರಿ ಮರಾಠಿಯಲ್ಲಿ. ನಾನು ಕನ್ನಡಕ್ಕೆ ಇಳಿಸಿ ಬರೆಯುತ್ತೇನೆ.

'ರಾಯರೇ, ಗಂಟು ತೆಗೆಯಲೇಬೇಕು. ಅದರ ಹಿಂದೆಯೇ ಧ್ವನಿಯ ನರ ಹೋಗಿದೆ, ದಾರದ ಎಳೆಯಷ್ಟು. ನಾನು ಜೋಪಾನ ಮಾಡುತ್ತೇನೆ, ಆದರೂ ಅದಕ್ಕೆ ಪೆಟ್ಟಾದರೆ ಧ್ವನಿ ಹೋಗಬಹುದು. ಹುಡುಗನಿಗೆ ಹೇಳಿಲ್ಲ, ಹೆದರುತ್ತಾನೆ. ನಿಮಗೆ ಹೇಳುತ್ತಿದ್ದೇನೆ.'

'ಹೋಗಲಿ ಬಿಡ್ರಿ, ಹೋಗಲಿ ಬಿಡ್ರಿ! ಅವನ ಬಾಯಿ ಮೊದಲೇ ದೊಡ್ಡದು. ಒಂದೀಟು ಸಣ್ಣ ಆದ್ರ ಊರ ಮಂದಿ ನಿಮ್ಮ ಕಾಲು ಬೀಳ್ತಾರ.'

ಡಾಕ್ಟರು ಜೋರಾಗಿ ನಕ್ಕರು. ಹಾಗಾದರೆ ಮಾಡಲೇ ಎಂದರು. 'ಮಾಡ್ರಿ, ಮಾಡ್ರಿ' ಎಂದರು ಅಪ್ಪ.

ನೀವು ಕೇಳಬಹುದು: ಧ್ವನಿ ಹೋಗುತ್ತದೆ ಎಂಬುದನ್ನು ನಿನ್ನ ಕಿವಿಯಿಂದಲೇ ಕೇಳಿದೆಯಲ್ಲೋ ಮಾರಾಯ? ಕೇಳಿದೆ. ಆದರೆ ಒಬ್ಬರ ಧ್ವನಿ ಹಿಡಿದಾಗ ಅವರ ಗುಂಡಿಗೆಯೂ ಜೊತೆಗೆ ಬರುತ್ತದೆ. ಅಪ್ಪ ಹೆದರುವವರಲ್ಲ, ಆದ್ದರಿಂದ ಆ ಹೊತ್ತಿಗೆ ನಾನೂ ಹೆದರಲಿಲ್ಲ. ಮಾತು ಅಪ್ಪನ ಕಿವಿಗೆ ಬಿತ್ತು, ಅಲ್ಲೇ ಉಳಿಯಿತು. ರಿಸೀವರ್ ಇಟ್ಟಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಧ್ವನಿ ಇನ್ನೂ ಕೆಟ್ಟಿಲ್ಲ, ಹುಬೇಹೂಬು ಅಪ್ಪನಂತೆಯೇ ಬಂತು.

ಆಪರೇಷನ್ನಿನ ಮಾರನೆಯ ದಿನ ಡಾಕ್ಟರು ಮಂಚದ ಹತ್ತಿರ ಬಂದು 'ಈ... ಅನ್ನು' ಎಂದರು. ಅಂದೆ. ಬರೀ ಗಾಳಿ ಬಂತು. ಸೈಕಲ್ ಟ್ಯೂಬಿನಿಂದ ಬರುವಂಥದು. ಮತ್ತೊಮ್ಮೆ ಅನ್ನು ಎಂದರು. ಮತ್ತೆ ಗಾಳಿ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, 'ಆರು ತಿಂಗಳು ಕಾಯೋಣ. ಇದನ್ನು ನಾನು ನಿನ್ನ ತಂದೆಗೆ ಹೇಳಿದ್ದೆ' ಎಂದರು. ಆಗ ನನಗೆ ಆ ಮಾತು ಕೇಳಿಸಿತು. ಇರಾನಿಯ ಗಲ್ಲೆಯ ಮುಂದೆ ಕೇಳಿಸದೇ ಇದ್ದದ್ದು ಹಾಸಿಗೆಯ ಮೇಲೆ, ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಮಲಗಿದಾಗ ಕೇಳಿಸಿತು.

ಗಂಟನ್ನು ಪರೀಕ್ಷೆಗೆ ಕಳಿಸಿದ್ದರು. ಹತ್ತು ದಿನ ಆ ಚೀಟಿಗಾಗಿ ಕಾದೆ. ಬಂತು: ಗಂಟು ಸಾಧು ಜಾತಿಯದು, ಕ್ಯಾನ್ಸರ್ ಅಲ್ಲ. ಆ ದಿನ ಯಾರಿಗಾದರೂ ಹೇಳಬೇಕೆಂದು ವಾರ್ಡಿನ ತುಂಬ ಓಡಾಡಿದೆ. ಹೇಳಲು ಧ್ವನಿ ಇರಲಿಲ್ಲ, ಕೇಳಲು ನನ್ನವರೂ ಇರಲಿಲ್ಲ. ಕಡೆಗೆ ನೆಲ ಒರೆಸುತ್ತಿದ್ದ ಆಯಾ ಸುಲೋಚನಾಬಾಯಿಯ ಮುಂದೆ ಚೀಟಿ ಹಿಡಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡಳು. ಒದ್ದೆ ಕೈಯನ್ನು ಸೀರೆಗೆ ಒರೆಸಿ, ನನ್ನ ತಲೆ ನೇವರಿಸಿ, ತನ್ನ ಡಬ್ಬಿಯಿಂದ ಒಂದು ಬೆಲ್ಲದ ತುಂಡು ಬಾಯಿಗಿಟ್ಟಳು. ನುಂಗಲು ನೋವಾಯಿತು. ಆದರೂ ನುಂಗಿದೆ.

ಪಿಸುಮಾತಿನ ಮನುಷ್ಯನ ಬಾಳು ವಿಚಿತ್ರ. ನಾನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ, ಯಾವುದೋ ಗುಟ್ಟು ನಡೆದ ಹಾಗೆ. ತರಕಾರಿಯವಳು ಕೊತ್ತಂಬರಿಯ ರೇಟನ್ನು ನನ್ನ ಕಿವಿಯಲ್ಲಿ ಹೇಳಿದಳು. ಬಸ್ಸಿನಲ್ಲಿ ನಿಲ್ದಾಣ ಬಂದಾಗ ಕೂಗಲಾಗದೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಿದ್ದೆ. ಆಫೀಸಿನಲ್ಲಿ ನನ್ನ ಕಿವಿಯಿಂದ ರಿಸೀವರ್ ಕಿತ್ತು, ಹಿಂದಿನ ಗೋದಾಮಿನಲ್ಲಿ ಗಂಟುಮೂಟೆಗೆ ಚೀಟಿ ಅಂಟಿಸಲು ಕೂಡಿಸಿದರು. ಮಾಲೀಕರು ಒಳ್ಳೆಯವರೇ. ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಮೊದಲು ಗೆಳೆಯರು ರೂಮಿಗೆ ಬರುತ್ತಿದ್ದರು. ನಾನು ನಗಿಸದ ಮೇಲೆ ಅವರಿಗೂ ಏನು ಮಾತಾಡಬೇಕೆಂದು ತಿಳಿಯದಾಯಿತು. ಆ ವರ್ಷದ ಗಣಪತಿಗೆ ಪೆಂಡಾಲಿನ ಹಿಂದೆ, ಜನರೇಟರಿನ ಪಕ್ಕ ನಿಂತಿದ್ದೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಗದ್ದಲಕ್ಕೆ ಯಾರ ಧ್ವನಿಯೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ನನ್ನ ಹಾಗೆಯೇ.

ಆರು ತಿಂಗಳಿಗೆ ಒಂದು ಒಡಕು ಧ್ವನಿ ಬಂತು. ಇಂದಿಗೂ ಅದೇ ಇದೆ. ಒಂದೇ ಒಂದು, ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಮೂವತ್ತು ಮಂದಿ ಬಾಡಿಗೆಗಿದ್ದ ಚಾಳಿನಲ್ಲಿ ಒಬ್ಬನೇ ಮುದುಕ ಉಳಿದಂತೆ.

'ಕೇಸ್ ಹಾಕು' ಎಂದವರು ಆಫೀಸಿನವರು. ಸಿಟ್ಟು ನನಗೂ ಇತ್ತು, ಯಾರ ಮೇಲೆ ಎಂದು ನಿರ್ಧಾರವಾಗಿರಲಿಲ್ಲ, ಅಷ್ಟೇ. ಪೊಲೀಸ್ ಠಾಣೆಗೆ ಹೋದೆ. ಒಡಕು ಧ್ವನಿಯಲ್ಲಿ ಹೇಳಿ ಅರ್ಥವಾಗದೆ ಕಾಗದದ ಮೇಲೆ ಬರೆದುಕೊಟ್ಟೆ. ಬರೆದುಕೊಟ್ಟವನು ಕಿವುಡನೇ ಇರಬೇಕೆಂದು ಹವಾಲ್ದಾರ ಜೋರಾಗಿ ಕೂಗುತ್ತ ವಿಚಾರಿಸಿದ. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ಭಾರಿ ಗಾಯ ಎಂದರೆ ಯಾವುದು ಎಂದು ಬೆರಳಿಟ್ಟು ಓದಿದ. ಕಣ್ಣು ಹೋದರೆ ಇದೆ. ಕಿವಿ ಹೋದರೆ ಇದೆ. ಎಲುಬು ಮುರಿದರೆ ಇದೆ. ಹಲ್ಲು ಮುರಿದರೂ ಇದೆ. ಧ್ವನಿ ಎಂಬ ಅಕ್ಷರ ಎಲ್ಲೂ ಇಲ್ಲ.

'ಹಲ್ಲಿಗೇನಾದರೂ ಪೆಟ್ಟಾಗಿದೆಯಾ?' ಎಂದು ಆಸೆಯಿಂದ ಕೇಳಿದ.

ಮೂವತ್ತೆರಡೂ ತೋರಿಸಿದೆ. ಅವನಿಗೆ ಬೇಜಾರಾಯಿತು. 'ವಕೀಲರ ಹತ್ತಿರ ಹೋಗು' ಎಂದ.

ದೇಸಾಯಿ ವಕೀಲರು ಧಾರವಾಡದ ಕಡೆಯವರು, ಪುಣೆಯಲ್ಲಿ ನೆಲೆಸಿ ಎಷ್ಟೋ ವರ್ಷವಾದವರು. ಕನ್ನಡ ಕಕ್ಷಿದಾರ ಬಂದರೆ ಅವರ ಮುಖ ಅರಳುತ್ತಿತ್ತು. ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು: 'ನೋಡು ತಮ್ಮಾ, ಕ್ರಿಮಿನಲ್ ಅಂದ್ರ ಡಾಕ್ಟರ್ ಒಳಗ ಹೋಗಬೇಕು. ಸಿವಿಲ್ ಅಂದ್ರ ನಿನಗ ಪರಿಹಾರ ಬರಬೇಕು. ನಿನಗೇನು ಬೇಕು?'

'ಧ್ವನಿ' ಎಂದೆ.

'ಅದು ಎರಡರಾಗೂ ಇಲ್ಲ.'

ಡಾಕ್ಟರ ತಪ್ಪು ತೋರಿಸುವುದು ಕಷ್ಟ, ಇನ್ನೊಬ್ಬ ಡಾಕ್ಟರು ಬಂದು ಸಾಕ್ಷಿ ಹೇಳಬೇಕು, ಯಾರೂ ಬರುವುದಿಲ್ಲ ಎಂದರು. ಆದರೂ ಪತ್ರ ಬರೆದು ನರ್ಸಿಂಗ್ ಹೋಮಿನಿಂದ ನನ್ನ ಕಾಗದಪತ್ರದ ನಕಲು ತರಿಸಿದರು. ಅದರಲ್ಲಿ ಡಾಕ್ಟರ ಕೈಬರಹದ ಒಂದು ಸಾಲು ಇತ್ತು: ಧ್ವನಿಗೆ ಅಪಾಯವಿರುವುದನ್ನು ರೋಗಿಯ ತಂದೆಗೆ ಫೋನಿನಲ್ಲಿ ತಿಳಿಸಲಾಗಿದೆ, ಅವರು ಒಪ್ಪಿದ್ದಾರೆ.

'ಇದು ನಮಗ ಅಡ್ಡ ಬರತದ. ನಿಮ್ಮ ತಂದೀನ ಕರಕೊಂಡು ಬಾ, ಏನು ಮಾತಾಡ್ಯಾರ ಕೇಳೋಣ' ಎಂದರು ವಕೀಲರು.

'ಅವರು ತೀರಿಕೊಂಡು ಮೂರು ವರ್ಷ ಆತ್ರಿ' ಎಂದೆ.

ವಕೀಲರು ಕನ್ನಡಕ ತೆಗೆದರು. ತಾರೀಖು ನೋಡಿದರು. ಎದ್ದು ನಿಂತರು. 'ಅಂದ್ರ ಈ ಮನುಷ್ಯಾ ಸತ್ತವರ ಒಪ್ಪಿಗಿ ಬರದಾನ! ಖೊಟ್ಟಿ ದಾಖಲಾ! ಇನ್ನ ಸಿವಿಲ್ ಅಷ್ಟ ಅಲ್ಲ ತಮ್ಮಾ, ಕ್ರಿಮಿನಲ್ಲೂ ನಮ್ಮದೇ. ನಿಮ್ಮ ತಂದೀದು ಮರಣದ ದಾಖಲೆ ಒಂದು ತರಸು, ಸಾಕು. ಅವನ ಆಸ್ಪತ್ರಿ ಬಾಗಲಾ ಮುಚ್ಚತದ.' ಚಹಾ ತರಿಸಿದರು.

ಮಾತಿಲ್ಲದವನಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಆ ದಿನ ತಿಳಿಯಿತು. ಬಾಯಿಯನ್ನೇ ತೆರೆಯಬೇಕಾಗಿಲ್ಲ. ಚಹಾ ಕುಡಿದು ಬಂದೆ. ಅವರು ನನ್ನ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಬರೆಸಿಟ್ಟರು: ನನ್ನ ತಂದೆಯ ಹೆಸರಿನಲ್ಲಿ ಯಾರೂ ಫೋನು ಮಾಡಿಲ್ಲ, ಡಾಕ್ಟರು ಆಮೇಲೆ ಬರೆದುಕೊಂಡಿದ್ದಾರೆ. ಸಹಿಯೊಂದು ಬಾಕಿ.

ಆ ವಾರವೇ ಗಂಟಲು ತೋರಿಸಲು ಹೋಗಬೇಕಿತ್ತು. ಹೋದೆ. ಡಾಕ್ಟರು ಕನ್ನಡಿ ಇಟ್ಟು ಒಳಗೆ ನೋಡಿ, ನಿಟ್ಟುಸಿರು ಬಿಟ್ಟರು. ನಕಲು ಕೇಳಿ ವಕೀಲರ ಪತ್ರ ಬಂದದ್ದು ಅವರಿಗೆ ಗೊತ್ತಿತ್ತು, ಅದರ ಸುದ್ದಿ ಎತ್ತಲಿಲ್ಲ. 'ನಾನು ಎಚ್ಚರದಿಂದಲೇ ಮಾಡಿದೆ. ಆದರೂ ಆಯಿತು. ನನಗೆ ನಿದ್ದೆ ಬರುವುದಿಲ್ಲ' ಎಂದರು. ಬಾಗಿಲವರೆಗೆ ಬಂದು ಮತ್ತೆ ಅಂದರು: 'ನಿನ್ನ ತಂದೆ ಹೇಗಿದ್ದಾರೆ? ಮಗನ ವಿಷಯದಲ್ಲಿ ಅಷ್ಟು ನಗುನಗುತ್ತ ಧೈರ್ಯ ಹೇಳಿದವರನ್ನು ನಾನು ಕಂಡಿಲ್ಲ. ಅವರಿಗೆ ನನ್ನ ನಮಸ್ಕಾರ ಹೇಳು.' ಹೇಳುತ್ತೇನೆ ಎಂದು ಗೋಣು ಹಾಕಿದೆ. ಅವರಿಗೆ ನಾನು ಇಂದಿಗೂ ನಿಜ ಹೇಳಿಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ಅದೂ ಒಂದು ಕಾರಣ. ಅವರಿಗೆ ಕನ್ನಡ ಓದಲು ಬಾರದು.

ಮರಣದ ದಾಖಲೆ ಬೇಕೆಂದು ಅವ್ವನಿಗೆ ಕಾಗದ ಹಾಕಿದ್ದೆ, ಯಾಕೆಂದು ಬರೆದಿರಲಿಲ್ಲ. ಅವಳು ದಾಖಲೆಯನ್ನು ಪೋಸ್ಟಿಗೆ ಹಾಕಲಿಲ್ಲ, ತಾನೇ ತಂದಳು. ಒಂದು ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದಳು. 'ಯಾವಾಗ ಬಂದಿ ಅವ್ವಾ?' ಎಂದೆ. ಅವಳು ಹಿಂದೆ ತಿರುಗಿ ನೋಡಿದಳು. ಮಾತಾಡಿದವನು ಬೇರೆ ಯಾರೋ ಎಂದುಕೊಂಡಳು.

ರೂಮಿನಲ್ಲಿ ಕೂತು ಎಲ್ಲ ಹೇಳಿದೆ. ಗಂಟು, ಆಪರೇಷನ್, ವಕೀಲರು, ಪ್ರಮಾಣಪತ್ರ. ಆಮೇಲೆ ಫೋನಿನ ಸುದ್ದಿ. ಜಗತ್ತಿನಲ್ಲಿ ಅದನ್ನು ನಾನು ಮೊದಲ ಸಲ ಒಬ್ಬರಿಗೆ ಹೇಳಿದ್ದು. ಅವ್ವ ಹೊಡೆಯುತ್ತಾಳೆಂದು ಕಾದೆ. ಅವಳು ಸೆರಗು ಸರಿ ಮಾಡಿಕೊಂಡು ಕೇಳಿದಳು:

'ಏನಂದ್ರು ಅವರು?'

'ಯಾರು?'

'ಅವರು. ಡಾಕ್ಟರಿಗೆ ಏನಂದ್ರು?'

ಹೇಳಿದೆ. ಊರ ಮಂದಿ ಕಾಲು ಬೀಳ್ತಾರ ಎಂಬಲ್ಲಿಗೆ ಬಂದಾಗ ಅವ್ವ ನಕ್ಕಳು. 'ಹೌದು, ಹಿಂಗೇ ಅಂತಿದ್ರು. ಹಿಂಗೇ.' ಆಮೇಲೆ, 'ಒಮ್ಮಿ ಅವರಂಗ ಅಂದು ತೋರಸು' ಎಂದಳು. ನಾನು ಪ್ರಯತ್ನ ಮಾಡಿದೆ. ಮೂರು ಸಲ ಮಾಡಿದೆ. ಒಡಕು ಗಾಳಿಯೊಳಗೆ ಅಪ್ಪ ಎಲ್ಲೂ ಇರಲಿಲ್ಲ. ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟು, 'ಬ್ಯಾಡ ಬಿಡು' ಎಂದಳು. ನನಗೆ ಧ್ವನಿ ಹೋದದ್ದು ಡಾಕ್ಟರ ಮೇಜಿನ ಮೇಲಲ್ಲ, ಆ ಮಧ್ಯಾಹ್ನ. ಅಪ್ಪ ಕೊನೆಯ ಸಲ ಮಾತಾಡಿದ್ದು ಅವ್ವನ ಜೊತೆಗಲ್ಲ, ಇರಾನಿಯ ಫೋನಿನಲ್ಲಿ ಗುರುತಿಲ್ಲದ ಒಬ್ಬ ಡಾಕ್ಟರ ಜೊತೆಗೆ.

ಮಾರನೆಯ ದಿನ ಇಬ್ಬರೂ ವಕೀಲರ ಹತ್ತಿರ ಹೋದೆವು. ಸಹಿ ಹಾಕುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹಾಕಿದರೆ ಗೆಲ್ಲುತ್ತೇನೆ. ಗೋದಾಮಿನ ಕತ್ತಲೆಗೆ, ಜನರೇಟರಿನ ಪಕ್ಕದ ಜಾಗಕ್ಕೆ ಯಾರಾದರೂ ಒಬ್ಬರು ಉತ್ತರ ಕೊಟ್ಟಂತಾಗುತ್ತದೆ. ವಕೀಲರು ಪ್ರಮಾಣಪತ್ರವನ್ನು ನನ್ನ ಕಡೆ ಸರಿಸಿ, ಅವ್ವನಿಗೆ ಕೈ ಮುಗಿದು ದಾಖಲೆ ಕೇಳಿದರು. ಅವ್ವ ಕೈಚೀಲ ಬಿಚ್ಚಲಿಲ್ಲ.

'ಫೋನ್ ಬಂದದ್ದು ಖರೇನ ಅದರೀ' ಎಂದಳು. 'ಇವನ ಮಾಡ್ಯಾನ, ನಮ್ಮವರ ಧ್ವನಿ ತಗದು.'

ವಕೀಲರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು ಬಾಗಿಲು ಹಾಕಿ ಬಂದು, ಧ್ವನಿ ತಗ್ಗಿಸಿದರು. ನನ್ನ ಸಹವಾಸಕ್ಕೆ ಅವರೂ ಪಿಸುಗುಟ್ಟತೊಡಗಿದರು.

'ತಾಯಿ, ಇದನ್ನ ಹೊರಗ ಅನಬ್ಯಾಡ್ರಿ. ಇನ್ನೊಬ್ಬರ ಹೆಸರು ಹೇಳಿ ಮೋಸ ಮಾಡಿದ್ದಕ್ಕ ನಿಮ್ಮ ಮಗನ ಮ್ಯಾಲೇ ಕೇಸ್ ಆಗತದ. ಇದು ಈ ಮೂರು ಮಂದಿ ಒಳಗ ಇರಲಿ. ಡಾಕ್ಟರ್ ಏನ ಹೇಳಿದ್ರೂ ಯಾವ ಜಡ್ಜೂ ನಂಬೂದಿಲ್ಲ. ಸತ್ತವರು ಎಲ್ಲೆರ ಮಾತಾಡತಾರೇನ್ರಿ? ಕೊಡ್ರಿ, ಆ ಕಾಗದ ಕೊಡ್ರಿ.'

ಅವ್ವ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಎದ್ದು ನಿಂತಳು.

'ಸತ್ತವರು ಮಾತಾಡೂದಿಲ್ಲ ಅನ್ನೂದನ್ನ ನನಗ ಕಲಸಬ್ಯಾಡ್ರಿ ವಕೀಲ್ರ, ಮೂರು ವರ್ಷ ಆತು, ಬಾಗಲಾ ನೋಡಕೋತ ಕುಂತೀನಿ. ಆದ್ರ ಇವನ ಬಾಯಿಲೆ ಅವರು ಒಮ್ಮಿ ಹೂಂ ಅಂದಾರ. ಬದುಕಿದ್ದಾಗ ಹೂಂ ಅಂದದ್ದನ್ನ ಎಂದೂ ಇಲ್ಲಾ ಅಂದವರಲ್ಲ, ಈಗ ನೀವು ಅನಸಬ್ಯಾಡ್ರಿ.'